ಹಿಟ್ಟಿನ ಹುಂಜ, ಪರದೆಯ ಬಂದೂಕು

ಪ್ರಶ್ನೆ: ನಾವು ಕಾರ್ಕಳದ ಕಡೆಯ ಜೈನ ಕುಟುಂಬ. ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಗೆಡ್ಡೆಗೆಣಸು ಒಳಗೆ ಬರುವುದಿಲ್ಲ. ಜಿರಳೆ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡುವವರು. ಎಂಟನೇ ತರಗತಿಯ ನನ್ನ ಮಗ ಒಂದು ವರ್ಷದಿಂದ ಫೋನಿನಲ್ಲಿ ಒಂದು ಆಟ ಹಿಡಿದಿದ್ದಾನೆ. ನೂರು ಜನ ಪ್ಯಾರಾಚೂಟಿನಲ್ಲಿ ಒಂದು ದ್ವೀಪಕ್ಕೆ ಇಳಿದು ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುವುದು. ಇಯರ್‌ಫೋನ್ ಸಿಕ್ಕಿಸಿಕೊಂಡು "ಹೊಡಿ, ಹೊಡಿ, ಮುಗಿಸು ಅವನನ್ನ" ಎಂದು ಕೂಗುತ್ತಾನೆ. ಹೋದ ವಾರ ಸಂಜೆ ಊಟಕ್ಕೆ ಕರೆದು ಕರೆದು ಸಾಕಾಗಿ ವೈಫೈ ಸ್ವಿಚ್ ಆರಿಸಿಬಿಟ್ಟೆ. ಎದುರಿಗಿದ್ದ ಸ್ಟೀಲ್ ತಟ್ಟೆಯನ್ನು ಗೋಡೆಗೆ ಎಸೆದ. ಯಾವತ್ತೂ ಹಾಗೆ ಮಾಡಿದವನಲ್ಲ. ನನ್ನ ಅತ್ತೆ, "ಹಿಟ್ಟಿನ ಹುಂಜ ಕಡಿದ ಯಶೋಧರನೇ ಜನ್ಮಜನ್ಮ ನರಳಿದ, ಇವನು ದಿನಾ ಮನುಷ್ಯರನ್ನೇ ಕಡೀತಾನಲ್ಲ" ಎನ್ನುತ್ತಾರೆ. ಯಜಮಾನರು, "ಆಟ ಅಲ್ವಾ, ಬಿಡು, ನಾವು ಕಳ್ಳ-ಪೊಲೀಸ್ ಆಡಲಿಲ್ವಾ" ಎನ್ನುತ್ತಾರೆ. ಅದೇ ಹುಡುಗ ಈಗಲೂ ಜಿರಳೆಯನ್ನು ಕಾಗದದಲ್ಲೇ ಹೊರಗೆ ಬಿಡುತ್ತಾನೆ, ನನಗೆ ಅರ್ಥವಾಗದ್ದು ಅದೇ. ಇವನು ಮುಂದೆ ಕ್ರೂರಿಯಾಗುತ್ತಾನಾ? ಆಟ ಪೂರ್ತಿ ನಿಲ್ಲಿಸಲಾ? ಹಿಂಸೆಯಿಲ್ಲದ ಆಟಗಳಿದ್ದರೆ ಹೇಳಿ. (ಹೆಸರು ಬೇಡ)

ಉತ್ತರ: ತಟ್ಟೆಯಿಂದಲೇ ಶುರು ಮಾಡೋಣ. ನಿಮ್ಮ ಪತ್ರದಲ್ಲಿ ಪರದೆಯ ಹೊರಗೆ ನಡೆದ ಹಿಂಸೆ ಅದೊಂದೇ. ಆ ತಟ್ಟೆ ಹಾರಿದ್ದು ಅವನು ಯಾರನ್ನೋ ಕೊಂದಾಗ ಅಲ್ಲ, ಆಟ ಅರ್ಧಕ್ಕೆ ಕಡಿದುಹೋದಾಗ. ಇಪ್ಪತ್ತು ವರ್ಷದಿಂದ ಮಕ್ಕಳ ಮನೋವೈದ್ಯನಾಗಿ ಕೂತಿರುವ ನನಗೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಕಾಣುತ್ತಿದೆ. ಇನ್ನರ್ಧ ಜಿರಳೆಯಲ್ಲಿದೆ. ಅಲ್ಲಿಗೂ ಬರುತ್ತೇನೆ.

ನಿಮ್ಮ ಭಯ ಹಳೆಯದು, ಅದಕ್ಕಾಗಿ ನಾಚಿಕೊಳ್ಳಬೇಕಿಲ್ಲ. 1976ರಲ್ಲಿ ಅಮೆರಿಕದ ಆಟದಂಗಡಿಗಳಿಗೆ 'ಡೆತ್ ರೇಸ್' ಎಂಬ ಯಂತ್ರ ಬಂತು. ಕಪ್ಪುಬಿಳುಪು ಪರದೆ, ಕಡ್ಡಿಯಂಥ ಬೊಂಬೆಗಳು, ಅವುಗಳ ಮೇಲೆ ಕಾರು ಹತ್ತಿಸಿದರೆ ಅಲ್ಲೊಂದು ಶಿಲುಬೆ ಮೂಡುತ್ತಿತ್ತು. ಅಷ್ಟಕ್ಕೇ ಪತ್ರಿಕೆಗಳಲ್ಲಿ ಗದ್ದಲ. 1992ರಲ್ಲಿ ರಕ್ತ ಚಿಮ್ಮುವ 'ಮಾರ್ಟಲ್ ಕಾಂಬ್ಯಾಟ್' ಬಂದ ಮೇಲೆ ಅಲ್ಲಿನ ಸೆನೆಟ್ಟೇ 1993ರ ಡಿಸೆಂಬರಿನಲ್ಲಿ ವಿಚಾರಣೆಗೆ ಕೂತಿತು. ಆಟದ ಡಬ್ಬಿಯ ಮೇಲೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಪದ್ಧತಿ ಮರುವರ್ಷ ಶುರುವಾಯಿತು. ನಮ್ಮಲ್ಲಿ 2019ರ ಮಾರ್ಚಿನಲ್ಲಿ ರಾಜ್‌ಕೋಟ್ ಪೊಲೀಸರು ನಿಮ್ಮ ಮಗನ ಆಟದಂಥದ್ದೇ ಆದ ಪಬ್ಜಿ ಆಡುತ್ತಿದ್ದ ಹುಡುಗರನ್ನು ಹಿಡಿದು ಠಾಣೆಗೆ ಕರೆದೊಯ್ದರು. ಆಮೇಲೆ 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್ಜಿಯನ್ನು ನಿಷೇಧಿಸಿತಲ್ಲ, ಅದು ಹಿಂಸೆಗಾಗಿ ಎಂದು ಬಹಳ ಪಾಲಕರು ನನ್ನೆದುರು ವಾದಿಸುತ್ತಾರೆ. ಅಲ್ಲ. ಒಟ್ಟು 118 ಆ್ಯಪ್‌ಗಳ ಪಟ್ಟಿಯಲ್ಲಿ ಅದೂ ಒಂದು. ಕೊಟ್ಟ ಕಾರಣ ದೇಶದ ಭದ್ರತೆ, ಜನರ ಮಾಹಿತಿ ಹೊರಗೆ ಹೋಗುವ ಆತಂಕ. ಮರುವರ್ಷ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂದಾಗ ರಕ್ತದ ಬಣ್ಣ ಹಸಿರಾಗಿತ್ತು, 'ಕಿಲ್' ಎಂಬ ಮಾತು ಹೋಗಿ 'ಫಿನಿಷ್' ಆಗಿತ್ತು. ನಿಮ್ಮ ಮಗ 'ಮುಗಿಸು' ಎನ್ನುವುದು ಅಲ್ಲಿಂದಲೇ ಬಂದದ್ದೋ ಏನೋ. ಬಣ್ಣ ಬದಲಾಯಿಸಿದ್ದರಿಂದ ಒಂದು ಮಗುವಿನ ಸ್ವಭಾವವೂ ಬದಲಾದದ್ದನ್ನು ನಾನು ನೋಡಿಲ್ಲ.

ಸಂಶೋಧನೆ ಏನು ಹೇಳುತ್ತದೆ? ಎರಡು ದಶಕ ವಿದ್ವಾಂಸರು ಜಗಳ ಆಡಿದ ವಿಷಯ ಇದು. ಮೊದಲ ಕಾಲದ ಪ್ರಯೋಗಗಳು ಹೀಗಿರುತ್ತಿದ್ದವು: ಕಾಲೇಜು ಹುಡುಗರಿಗೆ ಸ್ವಲ್ಪ ಹೊತ್ತು ಗುಂಡಿನಾಟ ಆಡಿಸುವುದು, ಆಮೇಲೆ ಎದುರಾಳಿಯ ಕಿವಿಗೆ ಎಷ್ಟು ಜೋರಾಗಿ ಕರ್ಕಶ ಶಬ್ದ ಹಾಕುತ್ತಾರೆ, ಅವನು ತಿನ್ನುವುದಕ್ಕೆ ಎಷ್ಟು ಖಾರದ ಸಾಸ್ ಸುರಿಯುತ್ತಾರೆ ಎಂದು ಅಳೆಯುವುದು. (ಮೆಣಸಿನಕಾಯಿ ಬಜ್ಜಿ ತಿಂದು ಬೆಳೆದ ನನಗೆ ಖಾರವನ್ನು ಕ್ರೌರ್ಯದ ಅಳತೆಗೋಲು ಮಾಡಿದ್ದು ಓದಿ ನಗು ಬಂದಿತ್ತು.) ಗುಂಡಿನಾಟ ಆಡಿದವರು ತುಸು ಹೆಚ್ಚು ಸುರಿದರು. ಆದರೆ ಸಾಸ್ ಸುರಿಯುವುದಕ್ಕೂ ಚಾಕು ಹಿಡಿಯುವುದಕ್ಕೂ ನಡುವೆ ಬಹಳ ದೂರ ಇದೆ. ಅಮೆರಿಕದ ಮನೋವಿಜ್ಞಾನಿಗಳ ಸಂಘ, ಎಪಿಎ, 2020ರಲ್ಲಿ ತನ್ನ ನಿಲುವನ್ನು ತಿದ್ದಿ ಹೇಳಿದ್ದು ಇದನ್ನೇ: ಕಿರುಚುವುದು, ತಳ್ಳುವುದು ಇಂಥ ಸಣ್ಣ ಸಿಡುಕಿಗೂ ಹಿಂಸೆಯ ಆಟಕ್ಕೂ ಸಣ್ಣದೊಂದು ನಂಟು ಇದೆ. ಕೊಲೆ, ಗುಂಡಿನ ದಾಳಿಯಂಥ ಘೋರ ಕೃತ್ಯಕ್ಕೆ ಆಟವೇ ಕಾರಣ ಎನ್ನಲು ಆಧಾರ ಸಾಲದು. ಬ್ರಿಟನ್ನಿನಲ್ಲಿ ಹದಿನಾಲ್ಕು-ಹದಿನೈದರ ವಯಸ್ಸಿನ ಸುಮಾರು ಸಾವಿರ ಮಕ್ಕಳನ್ನು ನೋಡಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಗು ಹೇಗೆ ವರ್ತಿಸುತ್ತದೆ ಎಂದು ಮಗುವನ್ನಲ್ಲ, ಅದರ ತಂದೆತಾಯಿಯನ್ನು ಕೇಳಿದ್ದರು. ಹಿಂಸೆಯ ಆಟ ಆಡುವುದಕ್ಕೂ ಜಗಳಗಂಟತನಕ್ಕೂ ಸಂಬಂಧ ಸಿಗಲಿಲ್ಲ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು 2014ರ ಇನ್ನೊಂದು ಕೆಲಸ. ಅದರಲ್ಲಿ ಸಂಶೋಧಕರು ಹಿಂಸೆಯನ್ನು ಒಂದು ಕಡೆ, ಹತಾಶೆಯನ್ನು ಇನ್ನೊಂದು ಕಡೆ ಬೇರ್ಪಡಿಸಿ ನೋಡಿದರು. ಆಟದಲ್ಲಿ ರಕ್ತ ಇದೆಯೋ ಇಲ್ಲವೋ ಎಂಬುದಕ್ಕಿಂತ, ಆಡುವವನ ಕೈಗೆ ಆಟ ಹತ್ತುತ್ತಿದೆಯೋ ಇಲ್ಲವೋ ಎಂಬುದೇ ಸಿಟ್ಟನ್ನು ನಿರ್ಧರಿಸುತ್ತಿತ್ತು. ಬೇಕೆಂದೇ ಕೆಡಿಸಿ ಕೊಟ್ಟ ಟೆಟ್ರಿಸ್ ಕೂಡ, ಬರೀ ಇಟ್ಟಿಗೆ ಜೋಡಿಸುವ ಆಟ, ಜನರನ್ನು ಸಿಡಿಮಿಡಿಗೊಳಿಸಿತು.

ಈಗ ನಿಮ್ಮ ಮಗನ ಆಟವನ್ನು ಈ ಕಣ್ಣಿನಿಂದ ನೋಡಿ. ನೂರು ಜನ ಇಳಿಯುತ್ತಾರೆ. ನಾಲ್ವರ ತಂಡವಾದರೆ ಗೆಲ್ಲುವವರು ನಾಲ್ಕೇ ಜನ, ತೊಂಬತ್ತಾರು ಜನ ಸೋಲುತ್ತಾರೆ. ಆಟ ಕಟ್ಟಿರುವುದೇ ಹಾಗೆ. ಸರಾಸರಿ ಇಪ್ಪತ್ತೈದು ಸಲ ಆಡಿದರೆ ಇಪ್ಪತ್ತನಾಲ್ಕು ಸಲ ಸೋತೇ ಏಳಬೇಕು. ಒಂದು ಪಂದ್ಯ ಅರ್ಧ ಗಂಟೆ ಹಿಡಿಯುತ್ತದೆ. ನಡುವೆ ನಿಲ್ಲಿಸಿಟ್ಟು ಊಟ ಮಾಡಿ ಬರುವ ಹಾಗಿಲ್ಲ, ತಡೆದು ನಿಲ್ಲಿಸುವ ಪಾಜ್ ಬಟನ್ನೇ ಇಲ್ಲ. ಅರ್ಧಕ್ಕೆ ಎದ್ದರೆ ಉಳಿದ ಮೂವರು ಗೆಳೆಯರು ಸಾಯುತ್ತಾರೆ, ಇವನ ರ‍್ಯಾಂಕ್ ಇಳಿಯುತ್ತದೆ, ಮರುದಿನ ಶಾಲೆಯಲ್ಲಿ "ಹೆದರಿ ಓಡಿಹೋದ" ಎಂಬ ಮಾತು ಬರುತ್ತದೆ.

ಎರಡು ವರ್ಷದ ಹಿಂದೆ ಇದೇ ವಯಸ್ಸಿನ ಒಬ್ಬ ಹುಡುಗನಿಗೆ, ನನ್ನ ಕೋಣೆಯಲ್ಲೇ ಆಡು, ನಾನು ಪಕ್ಕದಲ್ಲಿ ಕೂರುತ್ತೇನೆ ಎಂದೆ. ಅವನಮ್ಮ ನನ್ನ ಮುಖ ನೋಡಿದರು. ಹುಡುಗ ಇಳಿದ, ಒಂದು ಮನೆಯೊಳಗೆ ನುಗ್ಗಿದ, ಬ್ಯಾಂಡೇಜು, ಗುಂಡು, ಹೆಲ್ಮೆಟ್ಟು ಹೆಕ್ಕಿಕೊಂಡ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಇಳಿಯುತ್ತಿತ್ತು: 97, 81, 64. ಇನ್ನೂ ಬದುಕಿರುವವರ ಲೆಕ್ಕ ಅದು. ಹುಲ್ಲಿನಲ್ಲಿ ಹತ್ತು ನಿಮಿಷ ಮಲಗಿದ್ದ, ಏನೂ ನಡೆಯಲಿಲ್ಲ. ಅಂಕಿ 12ಕ್ಕೆ ಬಂದಾಗ ಅವನ ಮೊಣಕಾಲು ನಡುಗುತ್ತಿದ್ದದ್ದು ಕಂಡೆ, ಉಸಿರು ಹಿಡಿದಿದ್ದ. ಆಗ ಯಾರೋ ಬಾಗಿಲು ತಟ್ಟಿದರು. "ಅಯ್ಯೋ ಯಾರದು!" ಎಂದು ಕಿರುಚಿದ. ಅಷ್ಟು ಹೊತ್ತಿನಲ್ಲಿ ಅವನು ಹೊಡೆದದ್ದು ಇಬ್ಬರನ್ನು. ಹೊಡೆದಾಗ ಹೇಗನ್ನಿಸಿತು ಎಂದು ಕೇಳಿದೆ. ನನ್ನನ್ನೇ ಪೆದ್ದನಂತೆ ನೋಡಿ, "ಹೇಗನ್ಸತ್ತೆ? ಅವನ ಬ್ಯಾಗಲ್ಲಿ ಒಳ್ಳೆ ಸ್ಕೋಪ್ ಇತ್ತು" ಎಂದ. ಸ್ಕೋಪ್ ಎಂದರೆ ಬಂದೂಕಿಗೆ ಸಿಕ್ಕಿಸುವ ದುರ್ಬೀನು. ಕೊಂದವನ ಮಾತಲ್ಲ ಅದು. ಚೌಕಾಬಾರದಲ್ಲಿ ಕಾಯಿ ಕಡಿದವನ ಮಾತು. ನಾವೂ 'ಕಡಿದೆ' ಎಂದೇ ಹೇಳುತ್ತಿದ್ದೆವು.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅದನ್ನು ತಳ್ಳಿಹಾಕುವಂತಿಲ್ಲ. ನನ್ನ ಬಳಿ ಬಂದ ಅದೆಷ್ಟೋ ಪಾಲಕರಿಗಿಂತ ಅವರು ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಹಿಡಿದಿದ್ದಾರೆ. ಕವಿ ಜನ್ನ ಎಂಟುನೂರು ವರ್ಷದ ಹಿಂದೆ ಹೇಳಿದ ಕತೆಯಲ್ಲಿ ತಾಯಿ ಚಂದ್ರಮತಿ ಬಲಿ ಕೊಡು ಎನ್ನುತ್ತಾಳೆ, ಮಗ ಯಶೋಧರ ಒಲ್ಲೆ ಎನ್ನುತ್ತಾನೆ, ಕೊನೆಗೆ ನಡುದಾರಿ ಹಿಡಿದು ಹಿಟ್ಟಿನ ಹುಂಜವನ್ನು ದೇವಿಯ ಮುಂದೆ ಕಡಿಯುತ್ತಾನೆ. ಹುಂಜ ಕೂಗುತ್ತದೆ. ತಾಯಿ ಮಗ ಇಬ್ಬರೂ ನಾಯಿಯಾಗಿ, ನವಿಲಾಗಿ, ಇನ್ನೂ ಏನೇನೋ ಆಗಿ ಹುಟ್ಟಿ ಸಾಯುತ್ತಾರೆ. ಧರ್ಮದ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಅದನ್ನು ನಿಮ್ಮ ಬಸದಿಗೆ ಬರುವ ಮುನಿಗಳನ್ನೇ ಕೇಳಿ. ಆದರೆ ಓದುಗನಾಗಿ ನನಗೆ ಕಾಣುವುದು, ಯಶೋಧರ ಜೀವಬಲಿ ಎಂದು ಮನಸ್ಸಿನಲ್ಲಿ ನೆನೆದೇ ಕತ್ತಿ ಎತ್ತಿದ. ಹಿಟ್ಟು ನೆಪ, ಸಂಕಲ್ಪ ನಿಜ. ನಿಮ್ಮಲ್ಲೇ ಹೊರಗೆ ನಡೆಯುವ ದ್ರವ್ಯಹಿಂಸೆ, ಮನಸ್ಸಿನೊಳಗಿನ ಭಾವಹಿಂಸೆ ಎಂದು ಎರಡು ಮಾತಿದೆಯಲ್ಲ, ನಾನು ದಿನಾ ಮಾಡುವ ಕೆಲಸವೂ ಒಂದು ರೀತಿ ಅದೇ. ಪರದೆಯ ಮೇಲೆ ಏನು ಬಿತ್ತು ಎಂದು ನೋಡುವುದಿಲ್ಲ, ಆಡುವವನ ಭಾವ ಏನು ಎಂದು ನೋಡುತ್ತೇನೆ. ನನ್ನ ಕೋಣೆಯ ಆ ಹುಡುಗನಿಗೆ ಬೇಕಿದ್ದದ್ದು ಸ್ಕೋಪು. ಆದರೆ ಒಮ್ಮೊಮ್ಮೆ ಬೇರೆ ಥರದವನೂ ಬರುತ್ತಾನೆ. ತರಗತಿಯ ಒಬ್ಬ ಹುಡುಗನ ಹೆಸರನ್ನೇ ಎದುರಾಳಿಗೆ ಕೊಟ್ಟು, ಅವನನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದವನೊಬ್ಬ ಬಂದಿದ್ದ. ಅಲ್ಲಿ ಹಿಟ್ಟಿನ ಹುಂಜ ಕೂಗಿತ್ತು. ಕೆದಕಿದಾಗ ಗೊತ್ತಾದದ್ದು, ಆ ಸಹಪಾಠಿ ಆರು ತಿಂಗಳಿಂದ ಇವನನ್ನು ಶಾಲೆಯ ಶೌಚಾಲಯದಲ್ಲಿ ಹೊಡೆಯುತ್ತಿದ್ದ. ಆಟ ತೆಗೆದಿದ್ದರೆ ಅದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಅದಕ್ಕೇ ಜಿರಳೆಯ ಮಾತು ನನಗೆ ಮುಖ್ಯ. ಯಾರೂ ನೋಡದಿದ್ದಾಗಲೂ ಅವನು ಅದನ್ನು ಕಾಗದದಲ್ಲಿ ಹೊರಗೆ ಬಿಡುತ್ತಾನೆ ಎಂದಾದರೆ, ಜೀವ ಯಾವುದು, ಚಿತ್ರ ಯಾವುದು ಎಂಬ ಗೆರೆ ಅವನೊಳಗೆ ಸರಿಯಾಗಿಯೇ ಇದೆ. ಕ್ರೂರಿಯಾಗುತ್ತಾನಾ ಎಂದು ಕೇಳಿದಿರಿ. ನೀವು ಬರೆದಷ್ಟರಲ್ಲಿ ಅಂಥ ಯಾವ ಲಕ್ಷಣವೂ ನನಗೆ ಕಾಣುತ್ತಿಲ್ಲ.

ಹಾಗೆಂದು ಯಜಮಾನರ "ಬಿಡು" ಕೂಡ ಸರಿಯಲ್ಲ. ಕಳ್ಳ-ಪೊಲೀಸ್ ಆಟ ಕತ್ತಲಾದ ಕೂಡಲೇ ತಾನಾಗಿ ಮುಗಿಯುತ್ತಿತ್ತು, ಇದು ಮುಗಿಯುವುದಿಲ್ಲ. ಅಲ್ಲಿ ಜೊತೆಗಾರರು ಪಕ್ಕದ ಮನೆಯವರು. ಇಲ್ಲಿ ಇಯರ್‌ಫೋನಿನೊಳಗೆ ಇಪ್ಪತ್ತೈದು ವರ್ಷದ ಅಪರಿಚಿತನೂ ಮಾತಾಡುತ್ತಿರಬಹುದು. ಹುಡುಗರು ಕಲಿಯುವ ಕೊಳಕು ಬೈಗುಳ ಬಹುಪಾಲು ಅಲ್ಲಿಂದಲೇ ಬರುತ್ತದೆ, ಬಂದೂಕಿನಿಂದಲ್ಲ. ಬಂದೂಕಿಗೆ ಬಣ್ಣದ ಹೊದಿಕೆ ಕೊಳ್ಳಲು ದುಡ್ಡು ಕೇಳುವುದೂ ಇದೆ. ಇನ್ನು ನಿದ್ದೆ. ನನ್ನಲ್ಲಿಗೆ 'ಆಟದಿಂದ ಸಿಟ್ಟು' ಎಂದು ಬರುವ ಮಕ್ಕಳಲ್ಲಿ ಮೊದಲು ಕೇಳುವುದೇ ರಾತ್ರಿ ಎಷ್ಟಕ್ಕೆ ಮಲಗುತ್ತೀ ಎಂದು. ಒಂದು ಗಂಟೆಗೆ ಮಲಗಿ ಆರೂವರೆಗೆ ಎದ್ದ ಹುಡುಗನ ಸಿಟ್ಟಿಗೆ ಬಂದೂಕು ಬೇಕಿಲ್ಲ. ನಿಮ್ಮ ಪತ್ರದಲ್ಲಿ ನಿದ್ದೆಯ ಸುದ್ದಿಯೇ ಇಲ್ಲ, ದಯವಿಟ್ಟು ಗಮನಿಸಿ.

ಪೂರ್ತಿ ನಿಲ್ಲಿಸಬಹುದೇ? ಮನೆ ನಿಮ್ಮದು, ನಿಲ್ಲಿಸಬಹುದು. ನಿಮ್ಮ ಮನೆಯ ನಂಬಿಕೆಗೆ ಇದು ಒಗ್ಗುವುದೇ ಇಲ್ಲ ಎಂದಾದರೆ ಅದನ್ನು ನಂಬಿಕೆಯ ಮಾತಾಗಿಯೇ ಅವನ ಮುಂದಿಡಿ. "ಆಡಿದರೆ ಕೊಲೆಗಾರ ಆಗ್ತೀಯ" ಎಂದು ವಿಜ್ಞಾನದ ಹೆಸರಿನಲ್ಲಿ ಹೆದರಿಸಬೇಡಿ. ಜೊತೆಗೆ ಆಡುವ ನಲವತ್ತು ಹುಡುಗರು ಕೊಲೆಗಾರರಾಗದ್ದನ್ನು ಅವನು ದಿನಾ ನೋಡುತ್ತಾನೆ, ಆಮೇಲೆ ನಿಮ್ಮ ಬೇರೆ ಮಾತನ್ನೂ ನಂಬುವುದಿಲ್ಲ. ನಿಲ್ಲಿಸಿದರೆ ಎದುರಾಗುವ ಅಪಾಯವೂ ಗೊತ್ತಿರಲಿ: ಆಟ ಗೆಳೆಯನ ಮನೆಗೆ, ಚಿಕ್ಕಪ್ಪನ ಹಳೇ ಫೋನಿಗೆ ಹೋಗುತ್ತದೆ, ನೀವು ನೋಡಲಾಗದ ಕಡೆಗೆ. ಸರ್ಕಾರ ಪಬ್ಜಿಯನ್ನು ಮುಚ್ಚಿದಾಗ ಹುಡುಗರು ಫ್ರೀ ಫೈರ್ ಹಿಡಿದರು, 2022ರ ಫೆಬ್ರವರಿಯಲ್ಲಿ ಅದೂ ಮುಚ್ಚಿದಾಗ ಫ್ರೀ ಫೈರ್ ಮ್ಯಾಕ್ಸ್ ಅಲ್ಲೇ ಇತ್ತು. ಇನ್ನೊಂದು, ಅವನ ಸಂಜೆಯ ಗೆಳೆತನವೆಲ್ಲ ಆ ನಾಲ್ವರ ತಂಡದಲ್ಲೇ ಇದ್ದರೆ ನೀವು ಕಿತ್ತುಕೊಳ್ಳುವುದು ಬರೀ ಆಟವನ್ನಲ್ಲ. ಬದಲಿಗೆ ಏನು ಕೊಡುತ್ತೀರಿ ಎಂದು ಮೊದಲೇ ಯೋಚಿಸಿಟ್ಟುಕೊಳ್ಳಿ.

ನಾನು ಹೆಚ್ಚಾಗಿ ಹೇಳುವುದು ಎರಡನೇ ದಾರಿ. ಆಟವನ್ನು ಗಂಟೆಯಲ್ಲಿ ಅಳೆಯಬೇಡಿ, ಪಂದ್ಯದಲ್ಲಿ ಅಳೆಯಿರಿ. "ಒಂದು ಗಂಟೆ" ಎಂದರೆ ಗಡಿಯಾರ ಮುಗಿಯುವ ಹೊತ್ತಿಗೆ ಅವನು ಎರಡನೆಯದೋ ಮೂರನೆಯದೋ ಪಂದ್ಯದ ನಟ್ಟನಡುವೆ ಇರುತ್ತಾನೆ, ಜಗಳ ಖಚಿತ. "ಶಾಲೆಯ ದಿನ ಎರಡು ಪಂದ್ಯ, ಐದೂಕಾಲರ ಮೇಲೆ ಹೊಸ ಪಂದ್ಯ ಶುರು ಮಾಡುವಂತಿಲ್ಲ" ಎಂದು ಇಬ್ಬರೂ ಒಪ್ಪಿ ಬರೆದಿಟ್ಟುಕೊಂಡರೆ ನಿಮ್ಮ ಸಂಜೆಯ ಊಟ ಹೊತ್ತು ಮುಳುಗುವ ಮುಂಚೆ ಆಗುತ್ತದೆ. ಪಡಸಾಲೆಯಲ್ಲಿ, ಎಲ್ಲರ ಎದುರು, ಇಯರ್‌ಫೋನಿನ ಒಂದು ಕಿವಿ ಖಾಲಿ ಬಿಟ್ಟುಕೊಂಡು ಆಡಲಿ. ಮೈಕು ಗೊತ್ತಿರುವ ಗೆಳೆಯರಿಗೆ ಮಾತ್ರ. ಫೋನು ರಾತ್ರಿ ನಿಮ್ಮ ಕೋಣೆಯಲ್ಲಿ ಚಾರ್ಜ್ ಆಗಲಿ. ಖಾತೆ ತೆರೆಯುವಾಗ ಹುಟ್ಟಿದ ವರ್ಷ ಏನು ಹಾಕಿದ್ದಾನೆ, ಅದನ್ನೂ ನೋಡಿ. ಬಿಜಿಎಂಐ 2023ರಲ್ಲಿ ಮರಳಿ ಬಂದಾಗ ಹದಿನೆಂಟರ ಒಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿತ್ತು. ವಯಸ್ಸು ಸುಳ್ಳು ಹೇಳಿದವನಿಗೆ ಯಾವ ಮಿತಿಯೂ ತಾಗುವುದಿಲ್ಲ. ನನ್ನನ್ನು ಕೇಳಿದರೆ ಹದಿಮೂರರವನಿಗೆ 3 ಗಂಟೆಯೇ ವಿಪರೀತ. ಈ ದಾರಿಯ ಅಪಾಯ ಎಂದರೆ ದೊಡ್ಡವರು ಹತ್ತು ದಿನಕ್ಕೆ ಸುಸ್ತಾಗುತ್ತಾರೆ. ಅಮ್ಮ ಬೇಡ ಎಂದದ್ದಕ್ಕೆ ಅಪ್ಪ ಹೂಂ ಎಂದುಬಿಟ್ಟರೆ ಕಾಗದ ಗೋಡೆಯ ಮೇಲೆ ಸುಮ್ಮನೆ ನೇತಾಡುತ್ತದೆ.

ಹಿಂಸೆಯಿಲ್ಲದ ಆಟಗಳ ಪಟ್ಟಿ ಕೇಳಿದ್ದೀರಿ. ಕೊಡುತ್ತೇನೆ, ಆದರೆ ಮೊದಲೊಂದು ಎಚ್ಚರಿಕೆ. ರಕ್ತ ಇಲ್ಲ ಎಂದ ಮಾತ್ರಕ್ಕೆ ಆಟ ಸಾಧು ಅಲ್ಲ. ನಾನು ನೋಡಿದ ಹಟದ ಪ್ರಕರಣಗಳಲ್ಲಿ ಒಂದು, ಫೋನಿನಲ್ಲಿ ತೋಟ ಮಾಡುವ ಆಟ ಆಡುತ್ತಿದ್ದ ಹನ್ನೊಂದರ ಹುಡುಗಿಯದು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಒಣಗುತ್ತದೆ ಎಂದು ರಾತ್ರಿ ಮೂರಕ್ಕೆ ಅಲಾರಂ ಇಟ್ಟುಕೊಂಡು ಏಳುತ್ತಿದ್ದಳು. ಒಂದು ಇರುವೆಯೂ ಸಾಯದ ಆಟ ಅದು. ಲೂಡೊ, ರಮ್ಮಿಯಲ್ಲಿ ಗುಂಡು ಹಾರುವುದಿಲ್ಲ, ಆದರೆ ದುಡ್ಡಿಟ್ಟು ಆಡಿ ಮನೆಗಳು ಹಾಳಾದವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನು ತಂದು ನಿಷೇಧಿಸಬೇಕಾಯಿತು.

ಹದಿಮೂರರ ಹುಡುಗನಿಗೆ ಹಿಡಿಸಬಹುದಾದವು: ಮೈನ್‌ಕ್ರಾಫ್ಟ್, ಅದರಲ್ಲಿ 'ಪೀಸ್‌ಫುಲ್' ಎಂಬ ಆಯ್ಕೆ ಒತ್ತಿದರೆ ಮೈಮೇಲೆ ಬೀಳುವ ಭೂತಗಳೆಲ್ಲ ಮಾಯ, ಕಟ್ಟುವುದಷ್ಟೇ ಉಳಿಯುತ್ತದೆ. ಮಾನ್ಯುಮೆಂಟ್ ವ್ಯಾಲಿ, ಕಣ್ಣಿಗೆ ಮೋಸ ಮಾಡುವ ಮೆಟ್ಟಿಲುಗಳ ಒಗಟು, ಎರಡು ಮೂರು ಸಂಜೆಯಲ್ಲಿ ಮುಗಿದೇ ಹೋಗುತ್ತದೆ. ಮುಗಿಯುವ ಆಟ ಎನ್ನುವುದೇ ಈಗ ದೊಡ್ಡ ಗುಣ. ಮನೆಯಲ್ಲಿ ಕಂಪ್ಯೂಟರ್ ಇದ್ದು ಹುಡುಗನಿಗೆ ಇಂಗ್ಲಿಷ್ ಓದುವುದು ಸುಲಭವಾದರೆ 2015ರ ಅಂಡರ್‌ಟೇಲ್. ಎದುರಾದ ಪ್ರತಿ ರಾಕ್ಷಸನನ್ನೂ ಅದರಲ್ಲಿ ಹೊಡೆಯಬಹುದು ಅಥವಾ ಮಾತಾಡಿಸಿ, ಸಮಾಧಾನ ಮಾಡಿ, ಬಿಟ್ಟು ಕಳಿಸಬಹುದು. ಒಬ್ಬರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು, ಅದು ಸುಲಭದ ದಾರಿಯಲ್ಲ. ಕೊಂದು, ಪಶ್ಚಾತ್ತಾಪವಾಗಿ ಮತ್ತೆ ಮೊದಲಿನಿಂದ ಶುರು ಮಾಡಿದರೂ ಆಟ ಹಳೆಯದನ್ನು ಮರೆತಿರುವುದಿಲ್ಲ, ಕೆಣಕಿ ನೆನಪಿಸುತ್ತದೆ. ನಿಮ್ಮ ಅತ್ತೆಯವರಿಗೆ ಈ ಆಟ ಅರ್ಥವಾಗುತ್ತದೆ ಎಂದು ನನ್ನ ಗುಮಾನಿ.

ಅವರೊಂದಿಗೆ ಆಡಲು ಇನ್ನೊಂದು ಆಟವೂ ಇದೆ, ಹುಲಿ-ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು, ಕುರಿ ಯಾರನ್ನೂ ಕೊಲ್ಲುವಂತಿಲ್ಲ, ಸುತ್ತ ಕೂತು ದಾರಿ ಕಟ್ಟುವುದಷ್ಟೇ ಅದರ ಬಲ. ಚಿಕ್ಕಂದಿನಲ್ಲಿ ನಾನು ಯಾವಾಗಲೂ ಹುಲಿಯೇ ಬೇಕು ಎಂದು ಹಟ ಹಿಡಿಯುತ್ತಿದ್ದೆ. ಅಜ್ಜಿ ಕುರಿ ತೆಗೆದುಕೊಂಡು, ಅಡಿಕೆ ಕತ್ತರಿಸುತ್ತಲೇ, ನನ್ನ ಮೂರೂ ಹುಲಿಗಳನ್ನು ಮೂಲೆಗೆ ಕೂರಿಸುತ್ತಿದ್ದಳು. ಹೊಸ ಆಟವನ್ನು ದಂಡನೆಯಂತೆ ಮುಂದಿಟ್ಟರೆ ಮಾತ್ರ ಯಾವುದೂ ನಡೆಯದು. "ಅದು ಬಿಟ್ಟು ಇದು ಆಡು" ಎಂದ ದಿನವೇ ಇದು ಸಪ್ಪೆಯಾಗುತ್ತದೆ.

ಯಾವಾಗ ನಮ್ಮಂಥವರ ಹತ್ತಿರ ಬರಬೇಕು? ನಿಲ್ಲಿಸಬೇಕೆಂದರೂ ಅವನಿಂದ ಆಗದಿದ್ದರೆ, ಊಟ-ಶಾಲೆ-ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದೆ ನಿಂತರೆ, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸಿದರೆ. ವಿಶ್ವ ಆರೋಗ್ಯ ಸಂಸ್ಥೆ 'ಗೇಮಿಂಗ್ ಡಿಸಾರ್ಡರ್' ಎಂದು ಕರೆಯುವುದು ಇದನ್ನು, ಅದೂ ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದಾಗ. ಒಂದು ತಟ್ಟೆ ಎಸೆದದ್ದಕ್ಕೆ ಆ ಹೆಸರು ಬರುವುದಿಲ್ಲ. ಆದರೆ ತಮ್ಮ ತಂಗಿಗೆ ಕೈ ಮಾಡಿದರೆ, ಪ್ರಾಣಿಗಳನ್ನು ಹಿಂಸಿಸಿದರೆ, ಸಾಯುತ್ತೇನೆ ಎಂದು ಒಮ್ಮೆ ಅಂದರೂ, ವರ್ಷ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ದಶಲಕ್ಷಣ ಪರ್ವದ ಹತ್ತು ದಿನ ಆಡಬೇಕೋ ಬೇಡವೋ ಎಂಬುದನ್ನು ನೀವು ತೀರ್ಮಾನಿಸಬೇಡಿ, ಅವನಿಗೇ ಬಿಡಿ. ಅಜ್ಜಿಯ ಕತೆಯನ್ನು ಬೆದರಿಕೆಯಾಗಿ ಹೇಳದೆ ಕತೆಯಾಗಿ ಪೂರ್ತಿ ಹೇಳಿ, ನಿನಗೇನನ್ನಿಸುತ್ತದೆ ಎಂದು ಕೇಳಿ. ಅವನು ಏನು ಹೇಳುತ್ತಾನೋ ನನಗೂ ಕುತೂಹಲ. ತಟ್ಟೆ ಎಸೆದದ್ದಕ್ಕೆ ಮಾತ್ರ ರಿಯಾಯಿತಿ ಬೇಡ. ಗೋಡೆಯ ಕಲೆ ಅವನೇ ಒರೆಸಲಿ, ಸೊಟ್ಟಗಾದ ತಟ್ಟೆಯಲ್ಲಿ ಒಂದು ವಾರ ಅವನೇ ಉಣ್ಣಲಿ. ನೀವೂ ಇನ್ನು ಮೇಲೆ ಆ ವೈಫೈ ಸ್ವಿಚ್ಚಿಗೆ ಕೈ ಹಾಕುವ ಮುನ್ನ ಅವನ ಪಕ್ಕ ಒಂದು ನಿಮಿಷ ಕೂತು, "ಇನ್ನೆಷ್ಟು ಜನ ಉಳಿದಿದ್ದಾರೆ?" ಎಂದು ಕೇಳಿ. ಹನ್ನೆರಡು ಎಂದರೆ ಅನ್ನ ಬಡಿಸಲು ಶುರು ಮಾಡಬಹುದು.